ಹದಿಮೂರು ಕೆಜಿ ಬೇಳೆ

ತೊಣ್ಣೂರಿನಲ್ಲಿ ಯಾರಾದರೂ ಅರ್ಧ ಕೆಜಿ ಬೇಳೆಯ ಪೊಟ್ಟಣ ಹಿಡಿದು ಅಂಗಡಿಯಿಂದ ಬರುವುದು ಕಂಡರೆ ಚಲುವಮ್ಮನಿಗೆ ಮೈ ಉರಿಯುತ್ತಿತ್ತು. "ಅದೇನ್ ಔಸ್ದಿನಾ ಕಣಮ್ಮಿ, ಅಷ್ಟಷ್ಟೇ ತರಕ್ಕೆ?" ಎಂದು ಜಗಲಿಯಿಂದಲೇ ಕೇಳಿಬಿಡುವಳು. ಅವಳದೇನಿದ್ದರೂ ವರ್ಷಕ್ಕೊಂದೇ ಸಲ. ಯುಗಾದಿ ಕಳೆದ ವಾರದೊಳಗೆ ಪಾಂಡವಪುರದ ಪೇಟೆಗೆ ಹೋಗಿ ಇಪ್ಪತ್ತೈದು ಕೆಜಿ ತೊಗರಿಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವನ್ನೂ ಒಟ್ಟಿಗೆ ತಂದರೆ ಮುಂದಿನ ಯುಗಾದಿಯವರೆಗೆ ಅಂಗಡಿಯ ಮೆಟ್ಟಿಲು ತುಳಿಯಳು. ಬೇಳೆಯನ್ನು ಎರಡು ಬಿಸಿಲು ಒಣಗಿಸಿ, ಹರಳೆಣ್ಣೆ ಸವರಿ ತಗಡಿನ ಡಬ್ಬಕ್ಕೆ ತುಂಬಿಟ್ಟರೆ ಹುಳದ ಸುಳಿವಿಲ್ಲ. ಹೀಗೆ ಉಳಿಸಿದ್ದು, ಡೈರಿಗೆ ಹಾಲು ಹಾಕಿ ಗಳಿಸಿದ್ದು ಎರಡೂ ಸೇರಿಯೇ ಮಗಳು ಕವಿತ ಬಿ.ಎಡ್. ಓದಿ ಸಿಂಧಘಟ್ಟಕ್ಕೆ ಸೊಸೆಯಾಗಿ ಹೋಗಿದ್ದು. ಕೈಬಿಗಿ ಹೆಂಗಸು ಅಂತ ಊರು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಬಿಡಿ, ಊರಿಗೇನು ಕೆಲಸ. ಆದರೆ ಅವಳ ಅಂದಾಜು ಒಂದು ವರ್ಷವೂ ತಪ್ಪಿದ್ದಿಲ್ಲ, ಅದನ್ನು ಆಡಿಕೊಳ್ಳುವವರೂ ಒಪ್ಪುತ್ತಿದ್ದರು.

ಮೂಟೆ ಹೊರುವ ಕೆಲಸ ಗಂಡ ದೇವರಾಜುವಿನದು. ಮೂವತ್ತೆರಡು ವರ್ಷ ಹೊತ್ತ. ಹೊರುವಾಗಲೆಲ್ಲ "ನಮ್ಮನೆಲಿ ಅದೇನ್ ಮಠ ನಡೀತದಾ ಚಲುವಿ?" ಎಂದು ಕಾಡುವನು. ಅವಳು "ತಿನ್ನಾಗ ಕೇಳ್ನಿಲ್ವಲ್ಲ" ಅನ್ನುವಳು. ಇಷ್ಟೇ ಅವರ ಸರಸ.

ಈ ಸಲದ ಶಿವರಾತ್ರಿಯ ಹೊತ್ತಿಗೆ ದೇವರಾಜುವಿಗೆ ಊಟ ಸೇರದಾಯಿತು. ಮೈ ಇಳಿಯಿತು, ಕಣ್ಣು ಅರಿಸಿನವಾಯಿತು. ಕವಿತ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವನು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಡಾಕ್ಟರು ತಾಯಿ ಮಗಳಿಬ್ಬರನ್ನು ಹೊರಗೆ ಕರೆದು, ರೋಗ ಲಿವರಿಗೆಲ್ಲ ಹರಡಿದೆ, ಗೌರಿ ಹಬ್ಬ ದಾಟುವುದು ಕಷ್ಟ ಎಂದರು. ತಾಯಿ ಮಗಳು ಅಲ್ಲೇ ಮಾತಾಡಿಕೊಂಡರು: ಅವನಿಗೆ ತಿಳಿಯಬಾರದು. ಅಲ್ಸರ್ ಅಂತ ಹೇಳಿದರು. ಅವನು ನಂಬಿದ.

ನಂಬಿಸುವುದೆಂದರೆ ಸುಮ್ಮನೆ ಅಲ್ಲ. ಚಲುವಮ್ಮ ಅಳುವುದನ್ನೆಲ್ಲ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಅತ್ತು ಮುಗಿಸಿ ಒಳಗೆ ಬರುವಳು. ಮೊದಲಿನಂತೆ ಅವನನ್ನು ಬೈಯುವಳು. ಬೈಯದಿದ್ದರೆ ಅನುಮಾನ ಬರುವುದಿಲ್ಲವೇ. ಒಂದು ತಿಂಗಳು ಹೀಗೇ ಕಳೆದಳು ಪಾಪ, ಅವಳ ಎದೆಯಲ್ಲಿ ಏನಿತ್ತೆಂದು ಹಸುವಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಯುಗಾದಿ ಬಂತು, ಹೋಯಿತು. ಪೇಟೆಗೆ ತಾನೂ ಬರುತ್ತೇನೆಂದು ದೇವರಾಜು ಹಟ ಹಿಡಿದ. "ಒರಕ್ಕೆ ಆಗ್ದಿದ್ರೆ ಮೂಟೆ ಬಾಯಾದ್ರೂ ಇಡ್ಕತೀನಿ" ಎಂದ. ಮಹದೇವಸ್ವಾಮಿಯ ಅಂಗಡಿಯಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿ ಚಲುವಮ್ಮ ಬೇಳೆಯನ್ನು ಅಂಗೈಗೆ ಹಾಕಿಕೊಂಡು ನೋಡಿದಳು, ಒಂದು ಕಾಳು ಕಡಿದಳು, ರೇಟಿಗೆ ಜಗಳ ಆಡಿದಳು. ಎಲ್ಲ ಎಂದಿನಂತೆಯೇ.

"ಇಪ್ಪತ್ತೈದು ತಾನೆ ಅಕ್ಕ?" ಎಂದ ಮಹದೇವಸ್ವಾಮಿ.

"ಬ್ಯಾಡ ಕಣಪ್ಪ, ಹದಿಮೂರು ಸಾಕು. ಇನ್ನುಳುದದ್ದು ಹಾಳಾಯ್ತದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಬೇಕೆಂದು ಆಡಿದ ಮಾತಲ್ಲ. ಮೂವತ್ತೆರಡು ವರ್ಷ ಒಂದು ಹಿಡಿ ದಂಡವಾಗದಂತೆ ಬದುಕಿದ ಬಾಯಿ, ಅವಳನ್ನು ಕೇಳದೆಯೇ ಗಂಡನ ಪಾಲನ್ನು ಕಳೆದುಬಿಟ್ಟಿತ್ತು. "ರೇಟು ಇಳುದ್ ಮೇಲೆ ಮಿಕ್ಕಿದ್ದು ತಕಂಡ್ರಾಯ್ತು" ಎಂದು ತೇಪೆ ಹಾಕಲು ನೋಡಿದಳು. ರೇಟು ಇಳಿಯಲೆಂದು ಕಾದವಳೇ ಅಲ್ಲ ಅವಳು. ಬೆಂಚಿನ ಕಡೆ ತಿರುಗಲು ಧೈರ್ಯ ಬರಲಿಲ್ಲ. ದೇವರಾಜು ಎದ್ದು ಬಂದು, ಚೀಲದ ಬಾಯಿ ಹಿಡಿದು ನಿಂತ. ಮಹದೇವಸ್ವಾಮಿ ತೂಗಿ ಸುರಿದ.

ಬಸ್ ಸ್ಟ್ಯಾಂಡಿನಲ್ಲಿ ಚೀಲವನ್ನು ಇಬ್ಬರ ಮಧ್ಯೆ ಇಟ್ಟುಕೊಂಡು ಕೂತರು. ಚೀಲದ ಗಂಟನ್ನು ಬಿಗಿ ಮಾಡುತ್ತ ಅವನು ಕೇಳಿದ. "ಎಲ್ಲಿಗಂಟ ಅಂದ್ರು ಡಾಕ್ಟ್ರು?"

ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳುತ್ತಲೇ "ಗೌರಿ ಅಬ್ಬ" ಅಂದಳು. ಅಂದು, ಎದ್ದು ನಿಂತಳು. "ಇಲ್ಲೇ ಇರಿ, ಓಗಿ ಇನ್ನರ್ಧನೂ ಆಕುಸ್ಕಂಡು ಬತ್ತೀನಿ."

ದೇವರಾಜು ಸೆರಗು ಹಿಡಿದು ಕೂರಿಸಿದ. "ಬ್ಯಾಡ ಕಣಮ್ಮಿ. ನೀನು ಸರ್ಯಾಗೇ ಲೆಕ್ಕ ಆಕಿದ್ದೀಯೆ. ತಂದು ಉಳ ತಿನ್ಸದು ಯಾಕೆ?" ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಮೆಚ್ಚಿದ್ದು ಎದೆಗೆ ಕೊಳ್ಳಿ ಇಟ್ಟಂತಾಯಿತು.

ಅವಳ ಸಂಕಟ ಅವನಿಗೆ ಅರ್ಥವಾಗಿತ್ತು. ನಾಲ್ಕು ದಿನದ ಮೇಲೆ ಅವನೇ ಒಂದು ಉಪಾಯ ತೆಗೆದ. "ಚಲುವಿ, ಈ ಬೇಳೆನ ಗೌರಿ ಅಬ್ಬದೊಳ್ಗೆ ಮುಗಿಸ್ಬುಡನ. ನಾನಿದ್ದಂಗೇ ಮುಗೀಲಿ. ಆಗ ನನ್ ಪಾಲಿಂದು ತರಕ್ಕೆ ನೀನು ಇನ್ನೊಂದ್ ಕಿತ ಪ್ಯಾಟೆಗೆ ಓಗ್ಬೇಕಾಯ್ತದೆ. ನಿನ್ ಲೆಕ್ಕನೂ ತಪ್ತು, ಡಾಕ್ಟ್ರು ಲೆಕ್ಕನೂ ತಪ್ತು."

ಇದರಿಂದ ಆಯಸ್ಸು ಬೆಳೆಯುತ್ತದೆಯೇ ಎಂದು ನೀವು ಕೇಳಬಹುದು. ಅವರಿಗೂ ಗೊತ್ತಿತ್ತು ಕಣ್ರೀ. ಆದರೆ ಹಿಡಿದುಕೊಳ್ಳಲು ಬೇರೇನಿತ್ತು ಅವರಿಗೆ? ಅವತ್ತಿನಿಂದ ಚಲುವಮ್ಮನ ಮನೆಯಲ್ಲಿ ಹಬ್ಬವಿಲ್ಲದೆ ಒಬ್ಬಟ್ಟು ಬೆಂದಿತು. ಸಾರು ಗಟ್ಟಿಯಾಯಿತು. ಪಕ್ಕದ ಮನೆಯ ದೊಡ್ಡತಾಯಮ್ಮನಿಗೆ ದಿನಾ ಒಂದು ಬಟ್ಟಲು ಹುಳಿ ಹೋಯಿತು. "ಚಲುವಮ್ಮಂಗೆ ಏನಾಗದೆ?" ಎಂದು ಊರೇ ಬೆರಗಾಯಿತು. ದೇವರಾಜುವಿಗೆ ಎರಡು ಚಮಚದ ಮೇಲೆ ಇಳಿಯುತ್ತಿರಲಿಲ್ಲ. ಆದರೂ ಡಬ್ಬವನ್ನು ಮಂಚದ ಹತ್ತಿರ ತರಿಸಿ ಒಳಗೆ ಕೈ ಬಿಟ್ಟು ನೋಡುವನು. ಜ್ಯೇಷ್ಠದಲ್ಲಿ ಮೊಣಕೈ ಮುಳುಗುತ್ತಿತ್ತು. ಆಷಾಢದಲ್ಲಿ ಮಣಿಕಟ್ಟು. "ಗೆಲ್ತೀವಿ ಕಣಮ್ಮಿ" ಅನ್ನುವನು. ಅವಳು ಹೂಂ ಅನ್ನುವಳು. ಕೆಲವು ದಿನ ಅವಳೂ ನಂಬಿದಳು.

ಗೌರಿ ಹಬ್ಬ ನಾಲ್ಕು ದಿನ ಇರುವಾಗ, ಬೆಳಗಿನ ಹಾಲು ಕರೆದು ಅವಳು ಒಳಗೆ ಬರುವಷ್ಟರಲ್ಲಿ ದೇವರಾಜು ಹೋಗಿಬಿಟ್ಟಿದ್ದ.

ಹನ್ನೊಂದನೇ ದಿನದ ತಿಥಿಗೆ ಕವಿತ ಅಡುಗೆಮನೆಯಲ್ಲಿ ಸಾಮಾನು ನೋಡುತ್ತಿದ್ದಳು. "ಅವ್ವ, ಡಬ್ಬದಲ್ಲಿ ಒಂದು ಪಾವು ಬೇಳೆ ಅದೆ ಅಷ್ಟೆ, ಪೇಟೆಯಿಂದ ತರುಸ್ಲಾ?" ಎಂದು ಕೇಳಿದಳು.

ಮೂಲೆಯಲ್ಲಿ ಕೂತಿದ್ದ ಚಲುವಮ್ಮ ಎದ್ದು ಬಂದು ಡಬ್ಬಕ್ಕೆ ಇಣುಕಿದಳು. ಒಂದು ಪಾವು, ಎರಡೇ ದಿನದ್ದು; ಅವನು ಹೋದ ಮೇಲೆ ಆ ಡಬ್ಬವನ್ನು ಯಾರೂ ಮುಟ್ಟಿರಲಿಲ್ಲ. ಅಷ್ಟು ಧಾರಾಳವಾಗಿ ಸುರಿದೂ ಇದು ಹೇಗೆ ಉಳಿಯಿತು? ಆಮೇಲೆ ಅವಳಿಗೆ ತನ್ನ ಬಲಗೈ ನೆನಪಾಯಿತು. ದಿನಾ ಬೆಳಿಗ್ಗೆ ಅರೆಪಾವು ತುಂಬ ಅಳೆದ ಮೇಲೆ, ಪಾತ್ರೆಗೆ ಹಾಕುವ ಮೊದಲು, ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ್ದಂತೆ ಆ ಕೈ ಒಂದು ಚಿಟಿಕೆಯನ್ನು ಮತ್ತೆ ಡಬ್ಬಕ್ಕೆ ಬಿಡುತ್ತಿತ್ತು. ಈ ಐದು ತಿಂಗಳೂ ಬಿಟ್ಟಿತ್ತು. ಅವಳ ಗಮನಕ್ಕೇ ಬಂದಿರಲಿಲ್ಲ.

ಅವಳು ನೆಲಕ್ಕೆ ಕುಸಿದು ಆ ಕೈಯನ್ನು ಹೊಸ್ತಿಲಿಗೆ ಬಡಿದುಕೊಳ್ಳತೊಡಗಿದಳು. ಕವಿತ ಓಡಿ ಬಂದು ಕೈ ಹಿಡಿದುಕೊಂಡು, "ಯಾಕವ್ವ, ಏನಾಯ್ತವ್ವ?" ಎಂದಳು.

"ನಾನೇ ಕಣವ್ವ," ಅಂದಳು ಚಲುವಮ್ಮ. "ನಾನೇ ಮುಗಿಯಕ್ಕೆ ಬುಡ್ನಿಲ್ಲ."