ಅತ್ತೆಯ ಮಡಿ

ಅತ್ತೆಯವರ ಬಲಗೈ ಹೆಬ್ಬೆರಳು ತೋರುಬೆರಳನ್ನು ಸದಾ ತಿಕ್ಕುತ್ತಿತ್ತು. ಸುಮ್ಮನೆ ಕುಳಿತಾಗಲೇ ಹೆಚ್ಚು. ನಾರಾಯಣಗೂಡದ ನಮ್ಮ ಮನೆಗೆ ಬಂದವರು ಅದನ್ನು ಜಪವೆಂದುಕೊಂಡು, ಮುಗಿಯಲಿ ಎಂದು ಮಾತನಾಡದೆ ಕಾಯುತ್ತಿದ್ದರು. ನಾವೂ ಬಹಳ ದಿನ ಹಾಗೆಯೇ ತಿಳಿದಿದ್ದೆವು. ಅದು ಪಾರ್ಕಿನ್ಸನ್ ಕಾಯಿಲೆಯ ನಡುಕವೆಂದು ಗೊತ್ತಾದಾಗ ಅತ್ತೆಯೇ ನಕ್ಕರು. "ಜಪಾ ಮಾಡ್ತಾಳಂತ ಸುಳ್ಳ ಹೆಸರು ಬಂತು ನೋಡು ನನಗ."

ಮಡಿ ಅವರಿಗೆ ಹಟವಾಗಿರಲಿಲ್ಲ, ಸಂತೋಷವಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಸ್ತೋತ್ರ ಹೇಳುತ್ತ ನೈವೇದ್ಯದ ಅಡುಗೆ ಮಾಡುತ್ತಿದ್ದರು. ಪಾಯಸವನ್ನು ಎಷ್ಟು ಹೊತ್ತು ಕೈಯಾಡಿಸಬೇಕು ಎಂದು ಕೇಳಿದರೆ, ಇಂಥ ಸ್ತೋತ್ರ ಮುಗಿಯುವ ತನಕ ಎನ್ನುತ್ತಿದ್ದರು. ನಾನು ಅಡುಗೆ ಕಲಿತದ್ದು ಹಾಗೆ.

ಆಮೇಲೆ ಸೀರೆ ತೊಯ್ಯತೊಡಗಿತು. ಮೂತ್ರದ ಅವಸರ ತಿಳಿಯುವಷ್ಟರಲ್ಲಿ ಆಗಿಹೋಗುತ್ತಿತ್ತು. ಬಚ್ಚಲು ದೂರವಿರಲಿಲ್ಲ, ಕಾಲು ಏಳುತ್ತಿರಲಿಲ್ಲ. ಪ್ರತಿ ಸಲವೂ ಮತ್ತೆ ಸ್ನಾನ, ಮತ್ತೊಂದು ಮಡಿ ಸೀರೆ. ಚಳಿಗೆ ತುಟಿ ನೀಲಿಯಾದರೂ ಬಿಡುತ್ತಿರಲಿಲ್ಲ. ಡೈಪರಿನ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

ಸಿಕಂದರಾಬಾದಿನ ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಅವರಿಗೆ ತಿಳಿಸಿದೆ. ಮೂತ್ರಚೀಲ ತುಂಬುತ್ತಿರುವಾಗ ಮಿದುಳು ಅದಕ್ಕೆ ತಡಿ, ತಡಿ ಎನ್ನುತ್ತಿರಬೇಕು. ಅದಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅತ್ತೆಯ ಮಿದುಳಿನಲ್ಲಿ ಅದು ಕಡಿಮೆಯಾಗಿತ್ತು.

"ಅಂದ್ರ ನಾ ತಡಿ ಅಂತೀನಿ, ಅದಕ್ಕ ಕೇಳಸವಲ್ದು. ನಿಮ್ಮ ಮಾವನ್ಹಂಗ ಆತು ಅನ್ನು," ಎಂದರು ಅತ್ತೆ. ಯಾಕೆ ನಗುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ನನಗೆ ಅದನ್ನು ತೆಲುಗಿನಲ್ಲಿ ಹೇಳಲಾಗಲಿಲ್ಲ.

ಒಂದು ಗುಳಿಗೆ ಕೊಟ್ಟರು. ಮೂತ್ರಚೀಲಕ್ಕೆ ಹಿಂಡು ಎಂದು ಹೇಳುವ ಇನ್ನೊಂದು ರಾಸಾಯನಿಕವನ್ನು ಅದು ತಡೆಯುತ್ತದಂತೆ. ಮಂಕು ಕವಿದರೆ ತಿಳಿಸಿ ಎಂದರು. ಸೀರೆ ಒಣಗಿಯೇ ಉಳಿಯಿತು. ಅತ್ತೆ ಮತ್ತೆ ಒಲೆಯ ಮುಂದೆ ನಿಂತರು. ಕೆಲವು ವಾರ ಮನೆಯಲ್ಲಿ ಹಬ್ಬದ ಕಳೆ ಇತ್ತು.

ಒಂದು ಬೆಳಿಗ್ಗೆ ಪಾಯಸ ತಳ ಹತ್ತಿದ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ಸೌಟು ಹಿಡಿದು ನಿಂತಿದ್ದರು. ಸ್ತೋತ್ರದ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಏ ಹುಡುಗಿ, ಮುಂದ ಏನದ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಅವರು ಹೇಳುವುದನ್ನು ಕೇಳಿದ್ದೆನೇ ಹೊರತು ಕಲಿತಿರಲಿಲ್ಲ.

ಗುಳಿಗೆ ತಡೆಯುವ ಆ ರಾಸಾಯನಿಕವೇ ನೆನಪಿಗೂ ಬೇಕಂತೆ. ಬೇರೆ ಗುಳಿಗೆ ಕೊಟ್ಟು ನೋಡಿದರು. ರಕ್ತದೊತ್ತಡ ಏರಿತು. ಕೊನೆಗೆ ತೀರ್ಮಾನ ಮಾಡಿದವರು ಅತ್ತೆಯೇ.

"ಸೀರಿ ತೊಯ್ದ್ರ ತೊಯ್ಲಿ. ಬಾಯಿ ಖಾಲಿ ಆಗೂದು ಬ್ಯಾಡ."

ಗುಳಿಗೆ ನಿಲ್ಲಿಸಿದೆವು. ಸ್ತೋತ್ರದ ಸಾಲುಗಳು ನಿಧಾನವಾಗಿ ಮರಳಿದವು. ಅತ್ತೆ ಮಾತ್ರ ಅಡುಗೆಮನೆಗೆ ಮರಳಲಿಲ್ಲ. ಡೈಪರ್ ಹಾಕಿಸಿಕೊಂಡು, ಹೊಸ್ತಿಲಿನ ಈಚೆ ಕುರ್ಚಿಯಲ್ಲಿ ಕುಳಿತು ಸ್ತೋತ್ರ ಹೇಳುತ್ತಿದ್ದರು. ಒಳಗೆ ನಾನು ಕೈಯಾಡಿಸುತ್ತಿದ್ದೆ. ಬರಬರುತ್ತ ಅವರ ದನಿ ಎಷ್ಟು ಸಣ್ಣದಾಯಿತೆಂದರೆ, ಒಲೆ ಆರಿಸಿ ಹತ್ತಿರ ಬಂದು ಕೇಳಬೇಕಾಗುತ್ತಿತ್ತು.

ಕಳೆದ ಶ್ರಾವಣದಲ್ಲಿ, ಒಂದು ಮಧ್ಯಾಹ್ನ ಹೋದರು. ಗಚ್ಚಿಬೌಲಿಯ ನೆಂಟರು ಇನ್ನೂ ದಾರಿಯಲ್ಲಿದ್ದರು. ಸೀರೆ ಮುಟ್ಟಿ ನೋಡಿದೆ, ಡೈಪರ್ ಇದ್ದರೂ ತೊಯ್ದಿತ್ತು. ಬಾಗಿಲು ಹಾಕಿಕೊಂಡು ಮೈ ಒರೆಸಿ, ಅವರ ಮಡಿ ಸೀರೆಯನ್ನೇ ಉಡಿಸಿದೆ. ನಾನು ಮಡಿಯಲ್ಲಿರಲಿಲ್ಲ. ಅದನ್ನು ನಾನು ಮುಟ್ಟುವಂತಿರಲಿಲ್ಲ.

ಬಂದವರಲ್ಲಿ ಹಿರಿಯರೊಬ್ಬರು ಸೀರೆ ನೋಡಿ, "ಮಡಿಯೊಳಗ ಹೋದ್ರಲ್ಲ," ಎಂದರು.

"ಹೌದ್ರಿ," ಎಂದೆ.