ಮೂಲೆಯಲ್ಲಿದ್ದ ಹೆಸರು

ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯುವಾಗ ಒಂದು ವಾಸನೆ ಬರುತ್ತದಲ್ಲ, ನೆಂದ ಮಣ್ಣಿನ ಗೋಡೆಯ ಹಾಗೆ ತಣ್ಣಗೆ, ಅದು ಮೂಗಿಗೆ ಬಿದ್ದರೆ ನನಗೆ ದೇವರು ನೆನಪಾಗುವುದಿಲ್ಲ. ಮಸ್ಕಿಯಲ್ಲಿ ನನ್ನ ಸೋದರಮಾವನ ಪಡಸಾಲೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ. ಮಾವನದು ಕಿರಾಣಿ ವ್ಯಾಪಾರ. ಆದರೆ ಅವನ ಜೀವ ಇದ್ದದ್ದು ಚಿತ್ರಗಳಲ್ಲಿ. ಲಿಂಗಸುಗೂರಿನಲ್ಲಿ ಹಿಂದೆ ಇಂಗ್ಲಿಷರ ದಂಡಿನ ಛಾವಣಿ ಇತ್ತು. ಅವರು ಬಿಟ್ಟುಹೋದ ಸಾಮಾನು ಹಳೆಯ ಬಂಗಲೆಗಳಿಂದ ಆಗಾಗ ಮಾರಾಟಕ್ಕೆ ಬರುತ್ತಿತ್ತು. ಉಳಿದವರು ಕುರ್ಚಿ, ಅಲಮಾರಿಗೆ ಮುಗಿಬಿದ್ದರೆ ಮಾವ ಚಿತ್ರಗಳನ್ನು ಧೋತರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಯಾವನೋ ಸಣ್ಣ ಅಧಿಕಾರಿ ಹೊತ್ತು ಹೋಗದೆ ಬಿಡಿಸಿದ ಗುಡ್ಡ, ಯಾರೋ ದೊರೆಸಾನಿ ಬಿಡಿಸಿದ ಬೇವಿನ ಗಿಡ, ಕಥೆ ಪುಸ್ತಕಗಳಿಂದ ಕಳಚಿದ ಹಾಳೆಗಳು. ಅವರ ದೇಶದಲ್ಲೇ ಅವರನ್ನು ಯಾರೂ ಅರಿಯರು. ಮಾವನಿಗೆ ಅಂಥವರೇ ಬೇಕಿತ್ತು.

"ದೊಡ್ಡ ಹೆಸರಿನವರ ಚಿತ್ರ ಕಾಯಾಕ ಅರಮನಿ ಅದಾವ. ಈ ಬಡಪಾಯಿಗಳದು ಯಾರು ಕಾಯಬೇಕು?" ಎನ್ನುತ್ತಿದ್ದ.

"ನೀವ ಕಾಯ್ರಿ. ಅಂಗಡ್ಯಾಗ ಅಕ್ಕಿ ಚೀಲ ಇಲಿ ಕಾಯಾಕತ್ತಾವ," ಎಂದು ಅತ್ತೆ ಒಳಗಿಂದಲೇ ಅನ್ನುತ್ತಿದ್ದಳು. "ಊರ ಮಂದೆಲ್ಲ ಕಾಲುವಿ ನೀರಿಗೆ ಹೊಲ ಸಮ ಮಾಡ್ಯಾರ, ನಮ್ಮವರು ಸತ್ತ ಸಾಹೇಬರ ಕಾಗದ ಹೊತ್ತು ತರತಾರ."

ನಾನು ಆ ಮನೆ ಸೇರಿದ್ದು ತುರ್ವಿಹಾಳದಲ್ಲಿ ನನ್ನವ್ವ ಸತ್ತ ಮೇಲೆ. ಆಗಿನ್ನೂ ಕಾಲುವೆ ಹೊಸದು. ಅಪ್ಪನಿಗೆ ಗದ್ದೆ ಮಾಡುವ ಗಡಿಬಿಡಿ, ಮರುವರ್ಷ ಇನ್ನೊಂದು ಮದುವೆಯ ಗಡಿಬಿಡಿ. ಅವ್ವ ಜೋಳ ತೂರುತ್ತಿದ್ದ ಕಣದ ಮೇಲೆ ನೀರು ನಿಂತು ನೆಲ್ಲು ಬಂತು. ಅವಳದೊಂದು ಫೋಟೋ ತೆಗೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಾವನ ಪಡಸಾಲೆಯಲ್ಲಿ ಒಂದು ಬಣ್ಣದ ಚಿತ್ರವಿತ್ತು. ಒಬ್ಬ ಹೆಂಗಸು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಮೊರ ಎತ್ತಿ ತೂರುತ್ತಿದ್ದಳು. ನನ್ನವ್ವನೂ ಹಾಗೇ ಸೆರಗು ಕಚ್ಚುತ್ತಿದ್ದಳು. ನಾನು ಹೋದ ದಿನವೇ ಅದರ ಮುಂದೆ ಕುಂತು, "ಮಾವಾ, ಇಕಿ ನಮ್ಮವ್ವ" ಎಂದೆ.

"ಅಲ್ಲವ್ವ ತಂಗಿ. ಇದನ್ನ ಬಿಡಿಸಿದಾಗ ನಿಮ್ಮವ್ವ ಹುಟ್ಟೇ ಇರಲಿಲ್ಲ. ನೋಡಿಲ್ಲಿ, ಬಿಡಿಸಿದಾಕಿ ಹೆಸರು," ಎಂದು ಮಾವ ಕೆಳಗಿನ ಮೂಲೆ ತೋರಿಸಿ ಓದಿ ಹೇಳಿದ. ನನಗೆ ಕನ್ನಡವೇ ಅಕ್ಷರ ಕೂಡಿಸಿ ಓದಬೇಕು, ಆ ಹೆಸರು ಕೆಂಪಿರುವೆ ಸಾಲಿನಂತೆ ಕಂಡಿತು. ಅವನು ಓದಿದಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಹಿರಿಯರ ಪೂಜೆ ಬಂತು. ಸತ್ತವರಿಗೆ ಹೊಸ ಸೀರೆ ಮಡಚಿಟ್ಟು, ಫೋಟೋ ಇದ್ದರೆ ಅದಕ್ಕೆ ವಿಭೂತಿ ಹಚ್ಚಿ ಎಡೆ ಹಿಡಿಯುವ ದಿನ. ಆ ಚಿತ್ರವನ್ನೇ ಇಡಬೇಕೆಂದು ಎಲ್ಲರ ಮುಂದೆ ನಾನು ನೆಲಕ್ಕೆ ಬಿದ್ದು ಹೊರಳಾಡಿದೆ. "ಇಡ್ರಿ ಅದನ್ನ. ನಿಮ್ಮ ಸಾಹೇಬರೇನು ಎದ್ದು ಬಂದು ಬಡಿಯಂಗಿಲ್ಲ," ಎಂದಳು ಅತ್ತೆ. ಚಿತ್ರದ ಗಾಜು ತರುವಾಗಲೇ ಬಸ್ಸಿನಲ್ಲಿ ಒಡೆದುಹೋಗಿತ್ತು, ಸಿಂಧನೂರಿನಿಂದ ಹೊಸದು ತರಬೇಕಿತ್ತು. ಮಾವ ಚಿತ್ರವನ್ನು ತಾನೇ ಇಳಿಸಿ ಸೀರೆಯ ಮೇಲಿಟ್ಟ. ನನ್ನ ಮುಂಗೈ ಹಿಡಿದು ಒಂದೇ ಮಾತು ಹೇಳಿದ: "ಹಣಿಗೆ ಹಚ್ಚು. ಆದರ ಹೆಸರು ಮುಟ್ಟಬ್ಯಾಡ. ಆ ತಾಯಿದು ಅಂತ ಉಳಿದಿದ್ದು ಅದೊಂದ ಐತಿ."

ಅವನು ಎಡೆ ತರಲು ಒಳಗೆ ಹೋದ. ನಾನು ಹಣೆಗೆ ಹಚ್ಚಿದೆ. ಆಮೇಲೆ ಒದ್ದೆ ಬೆರಳನ್ನು ಮೂಲೆಗೆ ಒಯ್ದು ತಿಕ್ಕಿದೆ. ತಿಳಿಯದೆ ಮಾಡಿದ್ದಲ್ಲ. ಆ ಹೆಸರು ಇರುವತನಕ ಚಿತ್ರ ಬೇರೆಯವರದು, ಅದು ಹೋದರೆ ಅವ್ವ ನನ್ನವಳು. ಅಷ್ಟು ಲೆಕ್ಕ ನನಗಿತ್ತು. ನೀರುಬಣ್ಣ, ಎರಡು ಸಲ ತಿಕ್ಕಿದ್ದಕ್ಕೆ ಬೂದಿಯೊಳಗೆ ಕರಗಿ ಕಂದು ಕಲೆಯಾಯಿತು.

ಮಾವ ನೋಡಿದ. ಬಡಿಯಲಿಲ್ಲ, ಬೈಯಲಿಲ್ಲ. ಮರುದಿನ ಸಿಂಧನೂರಿಗೆ ಹೋಗಿ ಗಾಜು ತಂದು ಕೂಡಿಸಿದ, "ತಗೋ, ಇದು ನಿನ್ನದು" ಎಂದ. ಅಂದಿನಿಂದ ಚಿತ್ರಗಳ ಮೂಲೆ ತೋರಿಸಿ ನನಗೆ ಹೆಸರು ಓದಿ ಹೇಳುವುದನ್ನು ಬಿಟ್ಟುಬಿಟ್ಟ. ಬಡಿದಿದ್ದರೆ ನಾನು ಮರೆಯುತ್ತಿದ್ದೆ. ಅವನು ಸತ್ತ ಮೇಲೆ ಉಳಿದ ಚಿತ್ರಗಳನ್ನು ಗೆದ್ದಲು ತಿಂದಿತು, ತಿನ್ನದ್ದನ್ನು ಅತ್ತೆ ನೀರೊಲೆಗೆ ಹಾಕಿದಳು. ನನ್ನದೊಂದು ಮಾತ್ರ ನನ್ನ ಜೊತೆ ಗಂಡನ ಊರು ಪಾಮನಕಲ್ಲೂರಿಗೆ ಬಂತು. ಮಕ್ಕಳು ಅದನ್ನೇ ಅಮ್ಮಮ್ಮ ಎಂದು ಕೈಮುಗಿದು ದೊಡ್ಡವರಾದರು.

ಹೋದ ವರ್ಷ ತುರ್ವಿಹಾಳದ ಸಂಗವ್ವ ಬಂದಿದ್ದಳು, ಅವ್ವನ ಜೊತೆ ಕಣ ಮಾಡಿದ ಮುದುಕಿ. ಕಣ್ಣು ಇನ್ನೂ ಚುರುಕು. ಗೋಡೆ ನೋಡಿ, "ಇಕಿ ಯಾರಬೇ?" ಎಂದಳು.

"ನಮ್ಮವ್ವ."

"ಹುಚ್ಚಿ! ನಿಮ್ಮವ್ವಂದು ದುಂಡ ಮಾರಿ, ಹಲ್ಲು ಚೂರು ಮುಂದ. ನಕ್ಕರ ಎರಡೂ ಕಣ್ಣು ಮುಚ್ಚಿ ಹೋಗತಿದ್ವು. ಇಕಿ ಯಾವಾಕಿನೋ."

ಆಕೆ ಹೋದ ಮೇಲೆ ಕಣ್ಣು ಮುಚ್ಚಿ ಕುಂತೆ. ದುಂಡು ಮುಖ, ಮುಂದಿನ ಹಲ್ಲು ಎಂದು ಎಷ್ಟು ಹೇಳಿಕೊಂಡರೂ ಬಂದವಳು ಈ ಉದ್ದ ಮುಖದವಳೇ, ಸೆರಗು ಕಚ್ಚಿಕೊಂಡು. ಬಿಡಿಸಿದ ಹೆಂಗಸಿನ ಹೆಸರನ್ನು ನಾನು ಅಳಿಸಿದೆ, ಹೆತ್ತವಳ ಮುಖವನ್ನೂ ಅದೇ ಬೆರಳಿನಿಂದ ಅಳಿಸಿದಂತಾಯಿತು. ಆ ಹೆಸರು ಓದಿ ಹೇಳುತ್ತಿದ್ದವನು ಮಾವ ಒಬ್ಬನೇ. ನಾನು ಕಿವಿ ಮುಚ್ಚಿಕೊಂಡಿದ್ದೆ.

ಈಗ ವಿಭೂತಿ ತೇಯ್ದಾಗ ಹಣೆಗೆ ಹಚ್ಚುವುದಿಲ್ಲ, ಕೆಳಗೆ ಆ ಕಂದು ಕಲೆಯ ಮೇಲೆ ಹಚ್ಚುತ್ತೇನೆ. ಬೆರಳು ಅಲ್ಲಿಗೆ ಮುಟ್ಟುವುದಿಲ್ಲ. ಮಾವ ಹಾಕಿದ ಗಾಜು ಅಡ್ಡ ಇದೆ.