ಬರಿಗಾಲಿನ ಮ್ಯಾನೇಜರ್

ಹೊಸಪೇಟೆಯ ನಮ್ಮ ಕಾಂಪ್ಲೆಕ್ಸಿನಲ್ಲಿ ಮೊದಲಿದ್ದ ಮ್ಯಾನೇಜರ್ ತಪಾಸಣೆಗೆ ಬಂದರೆ ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಂದೊಂದೇ ಅಂಗಡಿ ಸುತ್ತುತ್ತಿದ್ದರು. ಇದೇನು ಭಕ್ತಿಯೋ ಎಂದು ನನಗೆ ಕುತೂಹಲ. ಕೇಳಿದರೆ, “ನೋಡೂಣ ತಡೀರಿ” ಎನ್ನುವುದಷ್ಟೇ.

ಒಮ್ಮೆ ನನ್ನ ಪುಸ್ತಕದಂಗಡಿಯ ಫೋಟೋ ಕಳಿಸಿ, “ಎಲ್ಲಾ ಚಲೋ ಐತಿ, ಬರೋದು ಬ್ಯಾಡ್ರಿ” ಎಂದೆ. ಆದರೂ ಬಂದರು. ಕಪಾಟಿನ ಮುಂದೆ ತಟ್ಟನೆ ನಿಂತರು.

“ಅಕ್ಕಾರ, ಇಲ್ಲಿ ನೆಲ ಭಾಳ ತಣ್ಣಗೈತಿ.”

ಕಪಾಟು ಸರಿಸಿದೆವು. ಗೋಡೆಯೊಳಗಿನ ಪೈಪು ಸೋರುತ್ತಿತ್ತು. ಕಂಪ್ಲಿಯ ಶಾಲೆಗೆಂದು ಕಟ್ಟಿಟ್ಟ ನೋಟ್‌ಬುಕ್ಕುಗಳಿಗೆ ತೇವ ಮುಟ್ಟಲು ಗೇಣಷ್ಟೇ ಬಾಕಿಯಿತ್ತು.

“ಫೋಟೋದಾಗ ತಂಪು ಕಾಣಂಗಿಲ್ರಿ,” ಎಂದವರೇ ಚಪ್ಪಲಿ ಮೆಟ್ಟಿಕೊಂಡು ಹೋದರು.

ಈಗಿನ ಮ್ಯಾನೇಜರ್ ಬರುವುದಿಲ್ಲ, ಫೋಟೋ ಕೇಳುತ್ತಾರೆ. ಕಳಿಸುತ್ತೇನೆ. ಆಮೇಲೆ ಚಪ್ಪಲಿ ಬಿಟ್ಟು ನಾನೇ ಅಂಗಡಿಯನ್ನು ಒಂದು ಸುತ್ತು ಹಾಕುತ್ತೇನೆ.